ಮೊದಲ ತಂತಿ ಯಾರ ಊರಿಗೆ?

ಹದಿನೆಂಟನೇ ಶತಮಾನದ ಕೊನೆಯ ವರ್ಷಗಳಲ್ಲಿ ಟಿಪ್ಪು ಸುಲ್ತಾನ್ ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿದ. ಅದರ ಕಲ್ಲುಗಳನ್ನು ಒಂದು ಮೈಲಿಯಷ್ಟು ಪೂರ್ವಕ್ಕೆ, ತುಸು ಎತ್ತರದ ಜಾಗಕ್ಕೆ ಸಾಗಿಸಿ ಹೊಸ ಕೋಟೆಯೊಂದನ್ನು ಎಬ್ಬಿಸತೊಡಗಿದ. ಅದಕ್ಕೆ ನಜರ್‌ಬಾದ್ ಎಂದು ಹೆಸರಿಟ್ಟ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಐದು ವರ್ಷವೂ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಆಮೇಲೆ ಅದೇ ಕಲ್ಲುಗಳು ಬಂದ ದಾರಿಯಲ್ಲೇ ಹಿಂದಿರುಗಿ ಮತ್ತೆ ಮೈಸೂರಿನ ಕೋಟೆಯಾದವು. ಊರೊಂದು ಆಗಬೇಕಿದ್ದ ಜಾಗದಲ್ಲಿ ಹೆಸರು ಮಾತ್ರ ಉಳಿಯಿತು.

ಇವತ್ತು ಆ ಹೆಸರಿನ ಬಡಾವಣೆಯಲ್ಲಿ ಹಳೆಯ ಬಂಗಲೆಗಳು, ಸರ್ಕಾರಿ ಕಚೇರಿಗಳು, ಹೋಟೆಲುಗಳು. ಮಗ್ಗುಲಲ್ಲೇ 1892ರ ಮೃಗಾಲಯ, ಅದರಾಚೆ ಕಾರಂಜಿ ಕೆರೆ, ಮುಂದೆ ಲಲಿತಮಹಲಿನ ದಾರಿ. ಆನೆ ನೋಡಲು ಬರುವ ಶಾಲೆಯ ಮಕ್ಕಳಿಗೆ ಇದು ಇನ್ನೊಂದು ಮೈಸೂರಾಗಬೇಕಿದ್ದ ನೆಲ ಎಂದು ಹೇಳುವವರು ಕಡಿಮೆ. ಯುದ್ಧದ ಫಲಿತಾಂಶ ಬೇರೆಯಾಗಿದ್ದರೆ ದಸರೆ ಎಲ್ಲಿ ನಡೆಯುತ್ತಿತ್ತು, ಅರಮನೆ ಎಲ್ಲಿರುತ್ತಿತ್ತು, ಮಾರುಕಟ್ಟೆ ಯಾವ ಕಡೆ ಬೆಳೆಯುತ್ತಿತ್ತು ಎಂದು ಕೇಳಿಕೊಂಡರೆ ನಜರ್‌ಬಾದಿನ ಬೀದಿಗಳೇ ಬೇರೆಯಾಗಿ ಕಾಣತೊಡಗುತ್ತವೆ.

ಹೀಗೆ ‘ಹಾಗಾಗಿದ್ದರೆ?’ ಎಂದು ಕೇಳಿಕೊಳ್ಳುವ ಬರವಣಿಗೆಗೂ ಚಿತ್ರಕಲೆಗೂ ಪರ್ಯಾಯ ಇತಿಹಾಸ ಎಂಬ ಹೆಸರಿದೆ. ಬಹುಕಾಲ ಇದರ ಮುಖ್ಯ ವಸ್ತು ಯುದ್ಧಗಳೇ ಆಗಿದ್ದವು. ಯಾರು ಗೆದ್ದಿದ್ದರೆ ಏನಾಗುತ್ತಿತ್ತು ಎಂಬುದೇ ಆಟ. ಇತ್ತೀಚಿನ ಎರಡು ದಶಕಗಳಲ್ಲಿ ಕಲಾವಿದರು ಇದೇ ಪ್ರಶ್ನೆಯನ್ನು ಇಂಧನಕ್ಕೆ ತಿರುಗಿಸಿದ್ದಾರೆ. ಕಲ್ಲಿದ್ದಲು ಮತ್ತು ಪೆಟ್ರೋಲಿನ ಯುಗ ಬಾರದೆಯೇ ಹೋಗಿದ್ದರೆ? ಬಿಸಿಲು, ಗಾಳಿ, ನೀರುಗಳ ಮೇಲೆಯೇ ಇಪ್ಪತ್ತನೇ ಶತಮಾನ ನಡೆದಿದ್ದರೆ ಊರು, ಉಡುಪು, ಅಡುಗೆಮನೆ, ರೈಲು ಹೇಗಿರುತ್ತಿದ್ದವು?

ಇದಕ್ಕೂ ಮುಂಚೆ ಸ್ಟೀಮ್‌ಪಂಕ್ ಎಂಬ ಪ್ರಕಾರವಿತ್ತು. ಉಗಿಯಂತ್ರದ ಯುಗ ಮುಗಿಯಲೇ ಇಲ್ಲ ಎಂದು ಭಾವಿಸಿ ಹಿತ್ತಾಳೆಯ ಚಕ್ರ, ಹೊಗೆಕೊಳವೆ, ಚರ್ಮದ ಕನ್ನಡಕಗಳ ಲೋಕವನ್ನು ಅದು ಕಟ್ಟುತ್ತಿತ್ತು. 1987ರಲ್ಲಿ ಅಮೆರಿಕದ ಲೇಖಕ ಕೆ. ಡಬ್ಲ್ಯು. ಜೆಟರ್ ಆ ಹೆಸರನ್ನು ಅರೆ ತಮಾಷೆಯಾಗಿಯೇ ಟಂಕಿಸಿದ. ಅದಕ್ಕೆ ಉತ್ತರವೋ ಎಂಬಂತೆ ಹುಟ್ಟಿದ್ದು ಸೋಲಾರ್‌ಪಂಕ್. 2012ರಲ್ಲಿ ಬ್ರೆಜಿಲ್‌ನಲ್ಲಿ ಪೋರ್ಚುಗೀಸ್ ಭಾಷೆಯ ಕಥಾಸಂಕಲನವೊಂದು ಇದೇ ಹೆಸರಿನಲ್ಲಿ ಬಂತು. ದೇಶದ ಬಹುಪಾಲು ವಿದ್ಯುತ್ತನ್ನು ಅಣೆಕಟ್ಟುಗಳಿಂದ ಪಡೆಯುವ ಬ್ರೆಜಿಲ್‌ನಲ್ಲಿ ಅದು ಹುಟ್ಟಿದ್ದು ಕಾಕತಾಳೀಯವಿರಲಿಕ್ಕಿಲ್ಲ. ನಂತರ ಚಿತ್ರಗಳ ಪ್ರವಾಹವೇ ಹರಿಯಿತು. ಬಳ್ಳಿ ಹಬ್ಬಿದ ಗೋಪುರಗಳು, ಬಣ್ಣದ ಗಾಜಿನ ಸೌರಫಲಕಗಳು, ಮಹಡಿಯ ಮೇಲೆ ಗದ್ದೆ, ಆಕಾಶದಲ್ಲಿ ತೇಲುವ ಹಡಗು.

ನೋಡಲು ಚಂದವೇ. ಆದರೆ ಹತ್ತು ಚಿತ್ರ ನೋಡಿದ ಮೇಲೆ ಹನ್ನೊಂದನೆಯದು ಯಾವ ದೇಶದ್ದೆಂದು ಗುರುತು ಸಿಗುವುದಿಲ್ಲ. ಎಲ್ಲ ಗೋಡೆಗಳೂ ಬೆಳ್ಳಗೆ, ಎಲ್ಲರ ಬಟ್ಟೆಯೂ ಶುಭ್ರ. ಹಗ್ಗದ ಮೇಲೆ ಒಣಹಾಕಿದ ಸೀರೆ ಎಲ್ಲೂ ಕಾಣದು. ಆ ಫಲಕಗಳ ಧೂಳು ಒರೆಸುವವರು ಯಾರು ಎಂಬುದಂತೂ ಕಾಣುವುದೇ ಇಲ್ಲ.

ಇನ್ನೊಂದು ಅಚ್ಚರಿ: ಈ ಕಲಾವಿದರು ಕಲ್ಪಿಸಿಕೊಳ್ಳುವ ಎಷ್ಟೋ ಯಂತ್ರಗಳು ಆಗಲೇ ಇದ್ದವು. 1878ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಗಣಿತದ ಮೇಷ್ಟ್ರು ಆಗಸ್ಟಿನ್ ಮೂಶೋ ದೊಡ್ಡ ಕೊಡೆಯಾಕಾರದ ಕನ್ನಡಿಯೊಂದನ್ನು ನಿಲ್ಲಿಸಿ, ಬಿಸಿಲಿನಿಂದ ನೀರು ಕಾಯಿಸಿ, ಆ ಉಗಿಯಿಂದ ಯಂತ್ರ ನಡೆಸಿ ಮಂಜುಗಡ್ಡೆ ಮಾಡಿ ತೋರಿಸಿದ. ಸೂರ್ಯನಿಂದ ಐಸು! ಅವನಿಗೆ ಚಿನ್ನದ ಪದಕವೂ ಸಿಕ್ಕಿತು. ಅವನ ಸಹಾಯಕ ಆಬೆಲ್ ಪಿಫ್ರ್ 1882ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನ ತೋಟವೊಂದರಲ್ಲಿ ಬಿಸಿಲಿನ ಬಲದಿಂದ ಮುದ್ರಣಯಂತ್ರ ಓಡಿಸಿ, ‘ಸೂರ್ಯ’ ಎಂಬ ಹೆಸರಿನದೇ ಪತ್ರಿಕೆಯ ಪ್ರತಿಗಳನ್ನು ಅಚ್ಚುಹಾಕಿದ. ಅಷ್ಟರಲ್ಲಿ ಕಲ್ಲಿದ್ದಲು ಅಗ್ಗವಾಯಿತು. ಫ್ರೆಂಚ್ ಸರ್ಕಾರಕ್ಕೆ ಕನ್ನಡಿಗಳ ಮೇಲಿನ ಆಸಕ್ತಿ ಹೋಯಿತು.

ನಮಗೆ ಇನ್ನೂ ಹತ್ತಿರದ ಕಥೆ ಮುಂಬಯಿಯದು. ಅಲ್ಲಿನ ಹೈಕೋರ್ಟಿನಲ್ಲಿ ಡೆಪ್ಯುಟಿ ರಿಜಿಸ್ಟ್ರಾರ್ ಆಗಿದ್ದ ವಿಲಿಯಂ ಆಡಮ್ಸ್ ಎಂಬ ಇಂಗ್ಲಿಷ್ ಗುಮಾಸ್ತನಿಗೆ ಕಚೇರಿ ಮುಗಿದ ಮೇಲೆ ಕನ್ನಡಿಗಳ ಹುಚ್ಚು. ಮೂಶೋನ ದುಬಾರಿ ಬಾಗುಗನ್ನಡಿಯ ಬದಲು ಸಣ್ಣ ಸಣ್ಣ ಚಪ್ಪಟೆ ಕನ್ನಡಿಗಳನ್ನು ಅರ್ಧವೃತ್ತದ ಚೌಕಟ್ಟಿನಲ್ಲಿ ಸಾಲಾಗಿ ಜೋಡಿಸಿ, ಎಲ್ಲದರ ಬೆಳಕೂ ಒಂದೇ ಬಾಯ್ಲರಿನ ಮೇಲೆ ಬೀಳುವಂತೆ ಮಾಡಿದ. ಕೊಲಾಬಾದಲ್ಲಿದ್ದ ಆ ಬಾಯ್ಲರಿನ ಉಗಿ 2.5 ಅಶ್ವಶಕ್ತಿಯ ಪಂಪನ್ನು ನಡೆಸಿತು. ಎರಡು ವಾರ ಜನ ಬಂದು ನೋಡಿದರು. ಉಷ್ಣವಲಯದ ದೇಶಗಳಲ್ಲಿ ಸೌದೆ ಮತ್ತು ಕಲ್ಲಿದ್ದಲಿಗೆ ಬದಲಾಗಿ ಬಿಸಿಲನ್ನು ಬಳಸುವ ಬಗ್ಗೆ ಅವನು ಬರೆದ ಪುಸ್ತಕ 1878ರಲ್ಲಿ ಪ್ರಕಟವಾಯಿತು. ಇಂದು ಮರುಭೂಮಿಗಳಲ್ಲಿ ನೂರಾರು ಕನ್ನಡಿಗಳು ಒಂದೇ ಗೋಪುರದತ್ತ ಬೆಳಕು ಎಸೆಯುವ ಸ್ಥಾವರಗಳಿವೆಯಲ್ಲ, ಅವುಗಳ ಮೂಲತತ್ವ ಇದೇ. ಆಡಮ್ಸ್‌ನ ಯಂತ್ರ ಮಾತ್ರ ಮುಂದುವರಿಯಲಿಲ್ಲ.

1913ರಲ್ಲಿ ಅಮೆರಿಕದ ಫ್ರಾಂಕ್ ಶೂಮನ್ ಈಜಿಪ್ಟಿನ ಮಾಆದಿಯಲ್ಲಿ ಉದ್ದನೆಯ ತೊಟ್ಟಿಯಾಕಾರದ ಕನ್ನಡಿಗಳಿಂದ ನೈಲ್ ನದಿಯ ನೀರನ್ನು ಹೊಲಕ್ಕೆ ಎತ್ತಿದ. ಮರುವರ್ಷ ಮಹಾಯುದ್ಧ ಬಂತು. ಇಂಜಿನಿಯರುಗಳು ತಮ್ಮ ತಮ್ಮ ದೇಶಗಳಿಗೆ ಹೋದರು, ಸ್ಥಾವರ ಗುಜರಿಗೆ ಹೋಯಿತು.

ಇಲ್ಲೆಲ್ಲ ‘ಹಾಗಾಗಿದ್ದರೆ’ ಎಂದು ನಿಟ್ಟುಸಿರು ಬಿಡಬಹುದು. ಹಳೆಯ ಮೈಸೂರು ಸೀಮೆಯಲ್ಲಿ ಮಾತ್ರ ಆ ನಿಟ್ಟುಸಿರಿಗೆ ಅರ್ಧದಷ್ಟೇ ಜಾಗ. ಏಕೆಂದರೆ ಇಲ್ಲಿ ಹಾಗೆಯೇ ಆಯಿತು.

1902ರ ಜೂನ್ 30. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ, ಊರಿನವರು ಇವತ್ತಿಗೂ ‘ಬ್ಲಫ್’ ಎಂದೇ ಕರೆಯುವ ಜಾಗದಲ್ಲಿ, ಕಾವೇರಿಯ ನೀರು ಸುಮಾರು 400 ಅಡಿ ಕೆಳಗಿಳಿದು ಟರ್ಬೈನುಗಳನ್ನು ತಿರುಗಿಸಿತು. ಭಾರತದ ಮೊದಲ ಜಲವಿದ್ಯುತ್ ಇದಲ್ಲ. ಆ ಹೆಸರು 1897ರಲ್ಲಿ ಶುರುವಾದ ಡಾರ್ಜಿಲಿಂಗಿನ ಸಣ್ಣ ಸ್ಥಾವರದ್ದು. ಆದರೆ ಡಾರ್ಜಿಲಿಂಗಿನದು ಒಂದು ಗಿರಿಧಾಮದ ದೀಪಕ್ಕೆ ಸಾಲುವಷ್ಟು. ಶಿವನಸಮುದ್ರದ್ದು ಹುಟ್ಟಿದ ದಿನವೇ 4 ಮೆಗಾವಾಟಿಗೂ ಹೆಚ್ಚು. ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು. ಯೋಜನೆಯ ಇಂಜಿನಿಯರ್ ಜೋಲಿ ದ ಲಾಟ್‌ಬಿನಿಯರ್ ಕೆನಡಾದ ಕ್ವಿಬೆಕ್ ಕಡೆಯ ಮನೆತನದವನು. ಭಾರದ ಯಂತ್ರಭಾಗಗಳು ರೈಲು ಇಲ್ಲದ ಆ ಕಾಡುದಾರಿಯಲ್ಲಿ ಗಾಡಿಗಳ ಮೇಲೆ, ಆನೆಗಳ ಬಲದಿಂದ ಸಾಗಿದವು. ಇದನ್ನೆಲ್ಲ ಹಟ ಹಿಡಿದು ಮಾಡಿಸಿದ ದಿವಾನ್ ಶೇಷಾದ್ರಿ ಅಯ್ಯರ್ 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. ದೀಪ ಹತ್ತಿದ್ದನ್ನು ಅವರು ನೋಡಲಿಲ್ಲ.

ಯಾವ ಸೋಲಾರ್‌ಪಂಕ್ ಚಿತ್ರಕಾರನಿಗೂ ಇಷ್ಟು ಸಾಮಗ್ರಿ ಸಾಕು. ಜಲಪಾತ, ಆನೆ, ತಾಮ್ರದ ತಂತಿ, ಪಿಂಗಾಣಿಯ ಬಿಲ್ಲೆಗಳು, ಪೇಟ ಸುತ್ತಿದ ದಿವಾನ, ಹೊಗೆಯೇ ಇಲ್ಲದ ವಿದ್ಯುತ್ತು. ಇದರಲ್ಲಿ ಕಲ್ಪಿಸಿಕೊಂಡದ್ದು ಒಂದೂ ಇಲ್ಲ.

ಆಗ ಮೈಸೂರನ್ನು ಆಳುತ್ತಿದ್ದವರು ಒಬ್ಬ ಹೆಂಗಸು ಎಂಬುದು ಈ ಚಿತ್ರದಿಂದ ಸಾಮಾನ್ಯವಾಗಿ ಬಿಟ್ಟುಹೋಗುವ ಸಂಗತಿ. ಹತ್ತನೇ ಚಾಮರಾಜ ಒಡೆಯರ್ 1894ರ ಕೊನೆಯಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗ ಇನ್ನೂ ಚಿಕ್ಕವನು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ಅಂದರೆ ವಾಣಿ ವಿಲಾಸ ಸನ್ನಿಧಾನದವರು, 1895ರಿಂದ ರಾಜಪ್ರತಿನಿಧಿಯಾಗಿ ರಾಜ್ಯ ನಡೆಸಿದರು. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ಸಿಕ್ಕಿದ್ದು 1902ರ ಆಗಸ್ಟ್ 8ರಂದು. ಶಿವನಸಮುದ್ರದ ಯಂತ್ರಗಳು ತಿರುಗಿ ಆಗಲೇ ಐದು ವಾರ ದಾಟಿತ್ತು. ದೇಶಕ್ಕೆ ದಾರಿ ತೋರಿದ ಆ ಯೋಜನೆಗೆ ಒಪ್ಪಿಗೆ ಬಿದ್ದದ್ದು, ಕೆಲಸ ನಡೆದದ್ದು, ಮುಗಿದದ್ದು ಎಲ್ಲವೂ ರಾಣಿಯ ಆಳ್ವಿಕೆಯಲ್ಲಿ.

ಮೂರು ವರ್ಷದ ನಂತರ ನಡೆದ ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1905ರಲ್ಲಿ ಮದ್ರಾಸಿನಿಂದ ಹೊರಡುತ್ತಿದ್ದ ‘ದಿ ಇಂಡಿಯನ್ ಲೇಡೀಸ್ ಮ್ಯಾಗಜೀನ್’ ಎಂಬ ಪತ್ರಿಕೆಯಲ್ಲಿ ‘ಸುಲ್ತಾನಾಸ್ ಡ್ರೀಮ್’ ಎಂಬ ಇಂಗ್ಲಿಷ್ ಕಥೆ ಅಚ್ಚಾಯಿತು. ಬರೆದವರು ಬಂಗಾಳದ ರೋಕೆಯಾ ಸಖಾವತ್ ಹುಸೇನ್. ಶಾಲೆಯ ಮೆಟ್ಟಿಲು ಹತ್ತಲು ಬಿಡದ ಮನೆಯಲ್ಲಿ ಬೆಳೆದು, ಅಣ್ಣನಿಂದ ಗುಟ್ಟಾಗಿ ಇಂಗ್ಲಿಷ್ ಕಲಿತವರು. ಕಥೆಯ ಹೆಣ್ಣುನಾಡನ್ನು ರಾಣಿಯೊಬ್ಬಳು ಆಳುತ್ತಾಳೆ, ಗಂಡಸರು ಮನೆಯೊಳಗಿರುತ್ತಾರೆ. ಹೆಂಗಸರ ಎರಡು ವಿಶ್ವವಿದ್ಯಾಲಯಗಳಲ್ಲಿ ಒಂದು ಮೋಡದಿಂದ ನೇರವಾಗಿ ನೀರು ಇಳಿಸಿಕೊಳ್ಳುವ ಬಲೂನು ಕಂಡುಹಿಡಿದರೆ, ಇನ್ನೊಂದು ಬಿಸಿಲಿನ ಶಾಖವನ್ನು ಹಿಡಿದಿಡುವ ಯಂತ್ರ ಮಾಡುತ್ತದೆ. ಅಡುಗೆಮನೆಯಲ್ಲಿ ಹೊಗೆಯೂ ಇಲ್ಲ, ಇದ್ದಿಲೂ ಇಲ್ಲ. ಬಿಸಿಲಿನಲ್ಲೇ ಅನ್ನ ಬೇಯುತ್ತದೆ. ದಂಡೆತ್ತಿ ಬಂದ ಶತ್ರುಗಳ ಮೇಲೆ ಅದೇ ಬಿಸಿಲನ್ನು ತಿರುಗಿಸಿ ಓಡಿಸುತ್ತಾರೆ. ಸೋಲಾರ್‌ಪಂಕ್ ಎಂಬ ಹೆಸರು ಹುಟ್ಟುವುದಕ್ಕೆ ನೂರು ವರ್ಷ ಮುಂಚೆ ಅದನ್ನು ಬರೆದು ಮುಗಿಸಿದವರು ಒಬ್ಬ ಭಾರತೀಯ ಗೃಹಿಣಿ.

ರೋಕೆಯಾ ಮೈಸೂರಿನ ಸುದ್ದಿ ಓದಿದ್ದರು ಎನ್ನಲು ಆಧಾರವಿಲ್ಲ, ಅದರ ಅಗತ್ಯವೂ ಇಲ್ಲ. ಕಥೆಯಲ್ಲಿ ರಾಣಿ, ಹೊಗೆಯಿಲ್ಲದ ಶಕ್ತಿ. ವಾಸ್ತವದಲ್ಲೂ ರಾಣಿ, ಹೊಗೆಯಿಲ್ಲದ ಶಕ್ತಿ. ಎರಡೂ ಮೂರು ವರ್ಷಗಳ ಅಂತರದಲ್ಲಿ. ಆ ಕಥೆ ಇಂದು ಕಲಾವಿದರ ಕೈಯಲ್ಲಿ ಮರುಜನ್ಮ ಪಡೆದಿದೆ. ಗೊಂಡ್ ಚಿತ್ರಕಾರ್ತಿ ದುರ್ಗಾಬಾಯಿ ಅದಕ್ಕೆ ಚಿತ್ರ ಬರೆದರು, ಚೆನ್ನೈನ ತಾರಾ ಬುಕ್ಸ್ ಪ್ರಕಟಿಸಿತು. ನ್ಯೂಯಾರ್ಕಿನ ಚಿತ್ರಾ ಗಣೇಶ್ 2018ರಲ್ಲಿ ಅದನ್ನು 27 ಲಿನೋಕಟ್ ಚಿತ್ರಗಳ ಮಾಲೆಯಾಗಿಸಿದರು. ಸ್ಪೇನಿನ ಇಸಾಬೆಲ್ ಎರ್ಗೆರಾ 2023ರಲ್ಲಿ ಅನಿಮೇಷನ್ ಚಿತ್ರ ಮಾಡಿದರು. ವಾಣಿ ವಿಲಾಸ ಸನ್ನಿಧಾನದ ಕಥೆಗೆ ಅಂಥ ಕುಂಚ ಇನ್ನೂ ಸಿಕ್ಕಿಲ್ಲ. ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆಯ ಅಣೆಕಟ್ಟೆಗೆ ಅವರ ಹೆಸರಿದೆ.

ಚಿತ್ರದ ಇನ್ನೊಂದು ಮಗ್ಗುಲು ಅಷ್ಟು ಬೆಳ್ಳಗಿಲ್ಲ.

ಶಿವನಸಮುದ್ರದಿಂದ ಹೊರಟ ಮೊದಲ ತಂತಿ ಮಳವಳ್ಳಿಗೆ ಹೋಗಲಿಲ್ಲ, ಮೈಸೂರಿಗೂ ಬರಲಿಲ್ಲ. 35,000 ವೋಲ್ಟಿನ ಆ ತಂತಿ 92 ಮೈಲಿ ಓಡಿ ಕೋಲಾರದ ಚಿನ್ನದ ಗಣಿಗೆ ಮುಟ್ಟಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಗಣಿಗಳನ್ನು ನಡೆಸುತ್ತಿದ್ದದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಉಗಿಯಂತ್ರಕ್ಕೆ ಸುಡುವ ಸೌದೆ, ಕಲ್ಲಿದ್ದಲಿನ ಖರ್ಚು ಅವರಿಗೆ ಭಾರವಾಗಿತ್ತು. ಮೈಸೂರು ಸರ್ಕಾರಕ್ಕೆ ಖಚಿತ ಗಿರಾಕಿ ಬೇಕಿತ್ತು. ಒಪ್ಪಂದ ಕುದುರಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರ ಆಗಸ್ಟ್‌ನಲ್ಲಿ. ರಾಜಧಾನಿ ಮೈಸೂರಿಗೆ 1908ರಲ್ಲಿ. ತಂತಿಯ ಕೆಳಗೆ ರಾಗಿ ಕುಯ್ಯುತ್ತಿದ್ದವರ ಗುಡಿಸಲಿಗೆ? ಅದಕ್ಕೆ ದಶಕಗಳೇ ಬೇಕಾದವು.

ಗಣಿಯ ಹಸಿವು ಬೆಳೆಯುತ್ತಲೇ ಹೋಯಿತು. ಬೇಸಿಗೆಯಲ್ಲಿ ಕಾವೇರಿ ಬಡವಾದಾಗಲೂ ಟರ್ಬೈನು ನಿಲ್ಲಬಾರದೆಂದರೆ ಮೇಲೆ ಎಲ್ಲಾದರೂ ನೀರು ಹಿಡಿದಿಡಬೇಕು. 1911ರಲ್ಲಿ ಕನ್ನಂಬಾಡಿಯಲ್ಲಿ ಕೆಆರ್‌ಎಸ್ ಅಣೆಕಟ್ಟೆಯ ಕೆಲಸ ಶುರುವಾದುದಕ್ಕೆ ಹೊಲಗಳ ನೀರಾವರಿಯಷ್ಟೇ ದೊಡ್ಡ ಕಾರಣ ಇದು. ಮಂಡ್ಯದ ಕಬ್ಬಿನ ಗದ್ದೆಯಲ್ಲಿ ನಿಂತು ಕೆಆರ್‌ಎಸ್ ಎಂದರೆ ವಿಶ್ವೇಶ್ವರಯ್ಯನವರನ್ನು ನೆನೆಯುತ್ತಾರೆ, ನೆನೆಯಬೇಕಾದ್ದೇ. ಆದರೆ ಆ ಕಟ್ಟೆಯ ತಳಹದಿಯಲ್ಲಿ ಕೋಲಾರದ ಚಿನ್ನದ ಒಂದು ಎಳೆಯೂ ಇದೆ. ಹಳೆಯ ಕನ್ನಂಬಾಡಿ ಊರು ನೀರಿನೊಳಗೆ ಹೋಯಿತು. ಅಲ್ಲಿನ ವೇಣುಗೋಪಾಲಸ್ವಾಮಿ ದೇವಸ್ಥಾನ ನೀರು ಇಳಿದ ಬರಗಾಲದ ಬೇಸಿಗೆಗಳಲ್ಲಿ ತಲೆಯೆತ್ತುತ್ತಿತ್ತು. ಈಗ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹಿನ್ನೀರಿನ ದಂಡೆಯ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ.

ಶರಾವತಿಯ ಕಥೆ ಇನ್ನೂ ದೊಡ್ಡದು. 1948ರಲ್ಲಿ ಜೋಗದ ಬುಡದಲ್ಲಿ ಜಲವಿದ್ಯುತ್ ಸ್ಥಾವರ ಶುರುವಾಯಿತು. ಅದಕ್ಕಾಗಿ ಹಿರೇಭಾಸ್ಕರದಲ್ಲಿ ಅಣೆ ಕಟ್ಟಿದ್ದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದಾಗ ಆ ಹಳೆಯ ಅಣೆಕಟ್ಟೆಯೇ ಮುಳುಗಿಹೋಯಿತು. ಅಣೆಕಟ್ಟೆ ನುಂಗಿದ ಅಣೆಕಟ್ಟೆ. ಕಥೆಗಾರನೊಬ್ಬ ಹೀಗೆ ಬರೆದಿದ್ದರೆ ಸಂಪಾದಕರು ನಂಬುತ್ತಿರಲಿಲ್ಲ. ಮುಳುಗಿದ ಹಳ್ಳಿಗಳ ಜನ ಎಲ್ಲೆಲ್ಲೋ ಚದುರಿದರು. ಅವರ ಮೊಮ್ಮಕ್ಕಳು ಇಂದಿಗೂ ಭೂಮಿಯ ಹಕ್ಕುಪತ್ರಕ್ಕೆ ಕಚೇರಿ ಅಲೆಯುತ್ತಿದ್ದಾರೆ. ಇದನ್ನು ಕನ್ನಡದ ಕಲೆ ಹಿಡಿದಿದೆ. ನಾ. ಡಿಸೋಜ ಅವರ ‘ದ್ವೀಪ’, ಅದೇ ಕೃತಿಯಿಂದ ಗಿರೀಶ್ ಕಾಸರವಳ್ಳಿ ಮಾಡಿದ ರಾಷ್ಟ್ರಪ್ರಶಸ್ತಿಯ ಚಿತ್ರ, ಎರಡರಲ್ಲೂ ನೀರು ದಿನದಿನಕ್ಕೆ ಮೇಲೇರುತ್ತದೆ, ಒಂದು ಕುಟುಂಬ ಮನೆ ಬಿಡಲಾರದೆ ಕೂತಿದೆ. ಹೊಗೆಯಿಲ್ಲದ ವಿದ್ಯುತ್ತಿನ ಬಗ್ಗೆ ಯಾವ ದೇಶದ ಸೋಲಾರ್‌ಪಂಕ್ ಚಿತ್ರವೂ ಹೇಳದ ಮಾತನ್ನು ಆ ಸಿನಿಮಾ ಹೇಳುತ್ತದೆ.

ಒಟ್ಟಿನಲ್ಲಿ 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಹೊತ್ತಿಕೊಳ್ಳುವ ತನಕ, ಎಂಟು ದಶಕಕ್ಕೂ ಹೆಚ್ಚು ಕಾಲ, ಈ ರಾಜ್ಯದ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿ ನದಿಗಳದೇ. ಮಳೆ ಕೈಕೊಟ್ಟ ವರ್ಷ ಕಾರ್ಖಾನೆಗಳು ನಿಲ್ಲುತ್ತಿದ್ದವು, ಮನೆಗಳಲ್ಲಿ ಸೀಮೆಎಣ್ಣೆಯ ಬುಡ್ಡಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಜಗತ್ತಿನ ಕಲಾವಿದರು ಕಲ್ಪಿಸಿಕೊಳ್ಳುವ ಲೋಕದಲ್ಲಿ ಕನ್ನಡಿಗರು ಮೂರು ತಲೆಮಾರು ಬಾಳಿ ಬಂದಿದ್ದಾರೆ. ಹಾಗಾಗಿ ಇಲ್ಲಿನ ಕಲಾವಿದ ಕೇಳಿಕೊಳ್ಳಬೇಕಾದ ‘ಹಾಗಾಗಿದ್ದರೆ’ಯೇ ಬೇರೆ. ಕಲ್ಲಿದ್ದಲು ಬಾರದಿದ್ದರೆ ಎಂಬುದಕ್ಕೆ ಉತ್ತರ ಗೊತ್ತಿದೆ. ಮೊದಲ ತಂತಿ ಬೇರೆ ಊರಿಗೆ ಹೋಗಿದ್ದರೆ? ಕುತೂಹಲ ಇರುವುದು ಅಲ್ಲಿ.

ಇಂಥ ಪ್ರಶ್ನೆಗೆ ರೂಪ ಕೊಡಲು ಮೈಸೂರಿಗೆ ಹೊರಗಿನ ಶೈಲಿಯ ಸಾಲ ಬೇಕಿಲ್ಲ. ಅರಮನೆಯ ಕಲ್ಯಾಣ ಮಂಟಪದ ಗೋಡೆಗಳ ಮೇಲೆ ದಸರಾ ಮೆರವಣಿಗೆಯ 26 ತೈಲಚಿತ್ರಗಳಿವೆ. 1934ರಿಂದ 1945ರ ತನಕ ಮೈಸೂರಿನ ಕಲಾವಿದರು ನಿಜವಾದ ಫೋಟೋಗಳನ್ನು ಮುಂದಿಟ್ಟುಕೊಂಡು ಬರೆದವು. ಕುದುರೆ, ಒಂಟೆ, ವಾದ್ಯದವರು, ಅಧಿಕಾರಿಗಳು, ಬೀದಿಯ ಇಕ್ಕೆಲದ ಜನ. ಒಬ್ಬೊಬ್ಬರ ಮುಖವೂ ಬೇರೆ. ನಡೆದುದನ್ನು ಇಷ್ಟು ನಿಷ್ಠೆಯಿಂದ ಹಿಡಿದ ಕೈಗೆ, ನಡೆಯಬಹುದಾಗಿದ್ದುದನ್ನು ಬರೆಯುವುದೂ ಕಷ್ಟವಾಗುತ್ತಿರಲಿಲ್ಲ. ಮೈಸೂರು ಸಾಂಪ್ರದಾಯಿಕ ಶೈಲಿಯಲ್ಲಿ ದೇವರ ಕಿರೀಟಕ್ಕೆ ಅಂಟಿಸುವ ಚಿನ್ನದ ರೇಕು ಆಡಮ್ಸ್‌ನ ಕನ್ನಡಿಗಳಿಗೆ ಎಷ್ಟು ಚೆನ್ನಾಗಿ ಒಪ್ಪುತ್ತಿತ್ತು! ಚಾಮುಂಡಿ ಬೆಟ್ಟದ ಬಿಸಿಲು ಬೀಳುವ ಮಗ್ಗುಲಲ್ಲಿ ಕನ್ನಡಿಗಳ ಸಾಲು, ಕೆಳಗೆ ಕೆರೆಯಿಂದ ನೀರೆತ್ತುವ ಉಗಿಪಂಪು, ಕಾಲ 1880. ಈ ಚಿತ್ರವನ್ನು ಯಾರೂ ಬರೆದಿಲ್ಲ. ಬರೆಯಲು ಬೇಕಾದ ಬಣ್ಣ, ರೇಕು, ಕೈಚಳಕ ಊರಲ್ಲೇ ಇವೆ.

ಅದಕ್ಕಿಂತ ಸುಲಭದ ಕಲೆಯೊಂದು ಮನೆಮನೆಯಲ್ಲಿದೆ. ದಸರೆಯಲ್ಲಿ ಗೊಂಬೆ ಕೂರಿಸುವುದು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ಕೆಳಗೆ ದೇವಾನುದೇವತೆಗಳು, ಇನ್ನೂ ಕೆಳಗೆ ಸೆಟ್ಟಿ-ಸೆಟ್ಟಿತಿಯ ಅಂಗಡಿ, ಮದುವೆ ಮನೆ, ನೆಲದ ಮೇಲೆ ಪಾರ್ಕು. ಪಾರ್ಕಿನ ಹುಲ್ಲಿಗೆ ರಾಗಿ ಮೊಳಕೆ. ಕಾಲ ಬದಲಾದಂತೆ ಅಲ್ಲಿ ಕ್ರಿಕೆಟ್ ಮೈದಾನವೂ ಬಂದಿದೆ, ರಾಕೆಟ್ಟೂ ಹಾರಿದೆ. ನಜರ್‌ಬಾದಿನಲ್ಲೇ, ಮೃಗಾಲಯದ ಎದುರಿಗಿರುವ ಪ್ರತಿಮಾ ಗ್ಯಾಲರಿಯಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 2005ರಿಂದ ‘ಬೊಂಬೆ ಮನೆ’ ಎಂಬ ಪ್ರದರ್ಶನ ನಡೆಸಿಕೊಂಡು ಬಂದಿದೆ. ಬೇರೆ ಬೇರೆ ರಾಜ್ಯಗಳ ಕುಶಲಕರ್ಮಿಗಳ ಕೈಯ ಮಣ್ಣು, ಮರ, ಕಾಗದದ ಗೊಂಬೆಗಳು ಅಲ್ಲಿ ಸಾಲುಗಟ್ಟುತ್ತವೆ. ಪುರಾಣದ ಸನ್ನಿವೇಶವಿರಲಿ, ಮೈಸೂರಿನ ದಸರೆಯೇ ಇರಲಿ, ಗೊಂಬೆಗಳ ಗುಂಪೊಂದು ಇಡೀ ಪ್ರಸಂಗವನ್ನು ಹೇಳಿಬಿಡುತ್ತದೆ. ಆ ಮೆಟ್ಟಿಲುಗಳ ಮೇಲೆ ರಾಮ, ರಾಜ, ರಾಕೆಟ್ಟು ಒಟ್ಟಿಗೆ ಕೂತಿದ್ದರೂ ಯಾರಿಗೂ ಅಡ್ಡಿಯಿಲ್ಲ. ಪರ್ಯಾಯ ಇತಿಹಾಸಕ್ಕೆ ಬೇಕಾದ ಸಲುಗೆ ಅದೇ.

ಒಂದು ಮೆಟ್ಟಿಲಲ್ಲಿ 1902ನ್ನು ಕೂರಿಸಬಹುದು. ನೀಲಿ ಬಟ್ಟೆಯ ಗಗನಚುಕ್ಕಿ ಜಲಪಾತ, ಕೆಳಗೆ ಪುಟ್ಟ ಪವರ್‌ಹೌಸು, ಮೇಲಿನ ಮೆಟ್ಟಿಲಲ್ಲಿ ರಾಜನ ಜಾಗದಲ್ಲಿ ರಾಣಿ. ತಾಮ್ರದ ತಂತಿಯನ್ನು ಮಾತ್ರ ಕೋಲಾರದ ಕಡೆಗೆ ಎಳೆಯದೆ ಮಳವಳ್ಳಿಯ ಕಡೆ ತಿರುಗಿಸಬೇಕು. ಅದರ ತುದಿಯಲ್ಲಿ ಬಾವಿಯ ಪಂಪು, ರಾಗಿ ಬೀಸುವ ಮಿಲ್ಲು, ಸಂಜೆಯ ಶಾಲೆಯೊಂದಕ್ಕೆ ದೀಪ. ಆಗ ಪ್ರಶ್ನೆಗಳು ತಾವೇ ಏಳುತ್ತವೆ. ಗಣಿಯ ದುಡ್ಡು ಬರದಿದ್ದರೆ ಯಂತ್ರದ ಸಾಲ ತೀರಿಸುವವರು ಯಾರು? ಚಿನ್ನದ ಗಣಿಯವರು ಸೌದೆಯನ್ನೇ ಸುಡುತ್ತಿದ್ದರೆ ಕೋಲಾರದ ಕಾಡು ಏನಾಗುತ್ತಿತ್ತು? ಗಣಿಗೆ ಕರೆಂಟು ಬೇಡವಾಗಿದ್ದರೆ ಕನ್ನಂಬಾಡಿ ಅಷ್ಟು ಬೇಗ ಮುಳುಗುತ್ತಿತ್ತೆ? ತಂತಿಯನ್ನು ಒಂದು ಕಡೆಯಿಂದ ಬಿಚ್ಚಿದರೆ ಇನ್ನೆಲ್ಲೋ ಏನೋ ಕಳಚುತ್ತದೆ. ಬಳ್ಳಿ ಹಬ್ಬಿದ ಬಿಳಿ ಗೋಪುರ ಬರೆಯುವುದಕ್ಕಿಂತ ಇದು ಕಷ್ಟದ ಕಲೆ, ಹಾಗೆಯೇ ಹೆಚ್ಚು ಮೋಜಿನದೂ.

ಕುಂಚದ ಬದಲು ಲೆಕ್ಕದಲ್ಲಿ ಇದೇ ಕೆಲಸ ಮಾಡಿದವರು ಬೆಂಗಳೂರಿನಲ್ಲಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ಕೆ. ಎನ್. ರೆಡ್ಡಿ. 1974ರಲ್ಲಿ ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದವರು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಸಗಣಿ ಅನಿಲದಿಂದ ವಿದ್ಯುತ್ ಮಾಡಿ ನಲ್ಲಿ ನೀರು, ದೀಪ ಕೊಟ್ಟ ಪ್ರಯೋಗ ಇವರ ತಂಡದ್ದು. 1987ರಲ್ಲಿ ಸರ್ಕಾರಿ ಸಮಿತಿಯೊಂದು 2000ನೇ ಇಸವಿಯ ತನಕ ಕರ್ನಾಟಕಕ್ಕೆ ಎಷ್ಟು ವಿದ್ಯುತ್ ಬೇಕೆಂದು ಅಂದಾಜು ಮಾಡಿ, ದೊಡ್ಡ ಉಷ್ಣ ಸ್ಥಾವರ ಮತ್ತು ಅಣುಸ್ಥಾವರಗಳನ್ನು ಕೇಳಿತು. ರೆಡ್ಡಿ ಮತ್ತು ಸಂಗಡಿಗರು ಕೂತು ಇನ್ನೊಂದು ಕರ್ನಾಟಕವನ್ನು ಲೆಕ್ಕ ಹಾಕಿದರು. ಎಲ್ಲ ಮನೆಗಳಿಗೂ ದೀಪ ಕೊಡೋಣ, ಆದರೆ ಹಳೆಯ ಬಲ್ಬಿನ ಬದಲು ಕಡಿಮೆ ಕರೆಂಟಿನ ದೀಪ. ನೀರು ಕಾಯಿಸಲು ಗೀಸರಿನ ಬದಲು ಸೋಲಾರ್. ಪಂಪ್‌ಸೆಟ್ಟಿನ ಸೋರಿಕೆಗೆ ತಡೆ. ಕಬ್ಬಿನ ಸಿಪ್ಪೆಯಿಂದ, ಸಣ್ಣ ಹಳ್ಳಗಳಿಂದ ವಿದ್ಯುತ್. ಇಷ್ಟು ಮಾಡಿದರೆ ಸಮಿತಿ ಕೇಳಿದ ವಿದ್ಯುತ್ತಿನ ಅರ್ಧಕ್ಕಿಂತ ಕಡಿಮೆ ಸಾಕು ಎಂಬುದು ಅವರ ಲೆಕ್ಕ. 1991ರಲ್ಲಿ ಅದು ಪ್ರಕಟವೂ ಆಯಿತು.

ಆ ಕರ್ನಾಟಕ ಪೂರ್ತಿಯಾಗಿ ಬರಲಿಲ್ಲ. ತುಂಡು ತುಂಡಾಗಿ ಮಾತ್ರ ಬಂತು. ಬೆಂಗಳೂರು, ಮೈಸೂರುಗಳ ತಾರಸಿಯ ಮೇಲಿನ ಸೋಲಾರ್ ವಾಟರ್ ಹೀಟರುಗಳು ಅದರದೇ ತುಂಡು. ಅವುಗಳನ್ನು ಹಾಕಿಸಿಕೊಂಡವರಿಗೆ ವಿದ್ಯುತ್ ಬಿಲ್ಲಿನಲ್ಲಿ 50 ರೂಪಾಯಿಯ ತನಕ ರಿಯಾಯಿತಿಯೂ ಬಂತು. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಶುರುಮಾಡಿದ ಸೆಲ್ಕೊ ಕರಾವಳಿ, ಮಲೆನಾಡುಗಳ ಮನೆಗಳಿಗೆ, ಬೀದಿ ವ್ಯಾಪಾರಿಗಳ ಗಾಡಿಗಳಿಗೆ ಸೌರದೀಪ ಮುಟ್ಟಿಸಿದ್ದೂ ಅದೇ ದಾರಿಯಲ್ಲಿ.

ಉಳಿದದ್ದು ಬೇರೆ ರೂಪದಲ್ಲಿ, ಭಾರಿ ಗಾತ್ರದಲ್ಲಿ ಬಂದಿದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೌರಫಲಕಗಳು ಹರಡಿವೆ. ಸಾಮರ್ಥ್ಯ 2,050 ಮೆಗಾವಾಟ್, ಅಂದರೆ ಶಿವನಸಮುದ್ರ ಶುರುವಾದಾಗ ಇದ್ದುದರ ಸುಮಾರು 475 ಪಟ್ಟು. 2018ರಲ್ಲಿ ಉದ್ಘಾಟನೆಯಾದಾಗ ಅದಕ್ಕೆ ‘ಶಕ್ತಿ ಸ್ಥಳ’ ಎಂದು ಹೆಸರಾಯಿತು. ಇಲ್ಲಿ ಒಂದು ಪಾಠವನ್ನು ಸರ್ಕಾರ ಕಲಿತಿತ್ತು. ಜಮೀನನ್ನು ಕಸಿಯಲಿಲ್ಲ, ಗುತ್ತಿಗೆಗೆ ಪಡೆಯಿತು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಹೆಚ್ಚಳ. ಬರದಿಂದ ಬೆಂಗಳೂರಿಗೆ ಗುಳೆ ಹೋಗುತ್ತಿದ್ದ ಊರಿನ ಭೂಮಾಲೀಕರಿಗೆ ಇದು ಕಡಲೆಕಾಯಿ ಬೆಳೆ ಕೊಡದ ನಿಶ್ಚಿಂತೆ ಕೊಟ್ಟಿತು.

ಜಮೀನಿಲ್ಲದವರಿಗೆ ಗುತ್ತಿಗೆಯ ಹಣ ಬರುವುದಿಲ್ಲ. ಕಳೆ ಕೀಳುವ, ಕಡಲೆಕಾಯಿ ಬಿಡಿಸುವ ಕೂಲಿ ನಿಂತಿತು. ಕುರಿ ಮೇಯುತ್ತಿದ್ದ ಬಯಲಿಗೆ ಬೇಲಿ ಬಂತು. ಫಲಕ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ ಕೆಲವರಿಗಷ್ಟೇ ಸಿಕ್ಕಿತು. ಪಾವಗಡದ ಚಿತ್ರ ಬರೆಯಲು ಹೊರಡುವ ಕಲಾವಿದ ಮೇಲಿನಿಂದ ನೋಡಿದರೆ ನೀಲಿ ಸಮುದ್ರವನ್ನಷ್ಟೇ ಬರೆದು ಬರಬಹುದು. ಡ್ರೋನ್ ಫೋಟೋಗಳೆಲ್ಲ ಹಾಗೆಯೇ ಇವೆ. ಬೇಲಿಯ ಆಚೆ ನಿಂತು ಬರೆದರೆ ಚೌಕಟ್ಟಿನೊಳಗೆ ಕುರಿ ಕಾಯುವವನೂ ಬರುತ್ತಾನೆ, ಬಕೆಟ್ ಹಿಡಿದು ಫಲಕ ತೊಳೆಯುವ ಹೆಂಗಸೂ ಬರುತ್ತಾಳೆ. ಅವಳ ಮನೆಯ ಕರೆಂಟು ಯಾವ ತಂತಿಯಿಂದ, ದಿನಕ್ಕೆ ಎಷ್ಟು ಗಂಟೆ ಎಂಬುದನ್ನು ಕೇಳಿ ತಿಳಿದುಕೊಂಡೇ ಆ ಚಿತ್ರ ಶುರುಮಾಡಬೇಕಾಗುತ್ತದೆ.